ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಪರೀಕ್ಷೆ, ಪೇಪರ್ ತಿದ್ದುವುದು ಅಂತ ಬಿಡುವೇ ಸಿಕ್ಕಿರಲಿಲ್ಲ. ಇವತ್ತು ಒಂದು ಪುಟ್ಟ ಕಂಪ್ಯೂಟರ್ ಸ್ಕ್ರಿಪ್ಟಿನ ಕತೆ ಹೇಳುತ್ತೇವೆ. ಹೆದರಬೇಡಿ, ನಾವೂ ಟಿ.ಸಿ.ಎಚ್., ಬಿ.ಎ. ಮಾಡಿದವರೇ!

ನಮ್ಮ ಕಷ್ಟ ನಿಮಗೆ ಗೊತ್ತೇ ಇದೆ. ಧರ್ಮಪುರಿಯಲ್ಲಿ ಹತ್ತನೇ ತರಗತಿಯ ಗೈಡ್ ಕೇಳಿದರೆ ತಮಿಳಿನದೋ ಇಂಗ್ಲಿಷಿನದೋ ಕೊಡುತ್ತಾರೆ. ಬೆಂಗಳೂರಿನಿಂದ ಕನ್ನಡದ್ದು ತಂದರೆ ಪಠ್ಯವೇ ಬೇರೆ. ಅದಕ್ಕೇ ನಮ್ಮ ಹಿರಿಯ ಮೇಷ್ಟ್ರೊಬ್ಬರು ರಾತ್ರಿಯೆಲ್ಲ ಕೂತು ಕನ್ನಡದಲ್ಲಿ ನೋಟ್ಸ್ ಟೈಪ್ ಮಾಡಿ, ನಾವೆಲ್ಲ ಚಂದಾ ಹಾಕಿ ಮಾಡಿಸಿದ ವೆಬ್‌ಸೈಟಿಗೆ ಏರಿಸಿದ್ದರು. ಅವರು ತೀರಿಕೊಂಡರು. ವರ್ಷಾವರ್ಷ ನಾವು ದುಡ್ಡು ಕಟ್ಟುತ್ತಲೇ ಇದ್ದೇವೆ, ಆದರೆ ಸೈಟ್ ತೆರೆದರೆ ಖಾಲಿ ಪುಟ. ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತಿತ್ತು.

ದೀಪಾವಳಿಗೆ ಊರಿಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ನೋಟ್ಸ್ ಯಾವುದಾದರೂ ಸಬ್‌ಡೊಮೈನಿನಲ್ಲಿ ಇರಬಹುದು" ಎಂದ. ಹಾಗೆಂದರೇನಪ್ಪಾ ಎಂದೆವು. ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿ ಬೇರೆಯಾದವಲ್ಲ? ಎನ್‌ಐಸಿ ಡಾಟ್ ಇನ್ ಎಂಬ ಮನೆತನದ ಹೆಸರಿಗೆ ಮುಂಚೆ ತಂತಮ್ಮ ಹೆಸರು ಸೇರಿಸಿದರೆ ಈ ಮೂರೂ ಜಿಲ್ಲೆಗಳ ವಿಳಾಸ. ಹಾಗೆ ಮುಂಚೆ ಸೇರುವ ಹೆಸರೇ ಸಬ್‌ಡೊಮೈನ್.

ಹೆಸರು ಹೇಳಿದರೆ ಅದರ ನಂಬರ್ ಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೋಕಪೆಟ್ರಿಸ್ ರೂಪಿಸಿದರು. ಕೇಳಿದ ಹೆಸರಿಗೆ ಅದು ಉತ್ತರ ಕೊಡುತ್ತದೆ. ಇರುವ ಹೆಸರುಗಳನ್ನೆಲ್ಲ ಕೊಡು ಎಂದರೆ ಸಾಮಾನ್ಯವಾಗಿ ಕೊಡುವುದಿಲ್ಲ.

ಹುಡುಗ ಕಪ್ಪು ಪರದೆಯಲ್ಲಿ ಹತ್ತೇ ಸಾಲು ಬರೆದ. ಒಂದು ಫೈಲಿನಿಂದ ಒಂದೊಂದೇ ಪದ ತೆಗೆದುಕೊಂಡು, ನಮ್ಮ ಸೈಟಿನ ಹೆಸರಿಗೆ ಮುಂಚೆ ಅಂಟಿಸಿ, ಇದೆಯಾ ಎಂದು ಡಿಎನ್‌ಎಸ್ಸನ್ನು ಕೇಳುತ್ತದೆ. ಅಯ್ಯೋ, ಇದು ನಾವು ದಿನಾ ಬೆಳಿಗ್ಗೆ ಮಾಡುವ ಹಾಜರಿ ಅಲ್ಲವೇ!

ಮೊದಲು ಅರ್ಥವಿಲ್ಲದ ಒಂದು ಹೆಸರು ಕರೆದು ನೋಡಿದ. ಕೆಲವು ಸೈಟುಗಳು ಯಾವ ಹೆಸರು ಕರೆದರೂ "ಇದ್ದೇನೆ" ಎನ್ನುತ್ತವಂತೆ, ಗೈರುಹಾಜರಾದ ಗೆಳೆಯನಿಗೆ "ಎಸ್ ಸಾರ್" ಅನ್ನುವ ಹಿಂದಿನ ಬೆಂಚಿನವರ ಹಾಗೆ. ನಮ್ಮದು ಹಾಗೆ ಮಾಡಲಿಲ್ಲ. ಪ್ರಮಾಣಪತ್ರಗಳ ಸಾರ್ವಜನಿಕ ದಾಖಲೆಯಲ್ಲೂ ಹುಡುಕಿದ. ಹಳೆಯ ಸೈಟಿಗೆ ಅಂಥ ಪ್ರಮಾಣಪತ್ರವೇ ಇರಲಿಲ್ಲ.

ಪಟ್ಟಿಯಲ್ಲಿ ನೂರಾರು ಪದ, ಎಲ್ಲವೂ ಇಂಗ್ಲಿಷು. ಮೇಲ್, ಟೆಸ್ಟ್, ಎಕ್ಸಾಮ್... ಒಂದೂ ಓಗೊಡಲಿಲ್ಲ. ಆಗ ನಮಗೆ ಹೊಳೆಯಿತು: ಮೇಷ್ಟ್ರು ಯಾವತ್ತಾದರೂ ಇಂಗ್ಲಿಷಿನಲ್ಲಿ ಹೆಸರಿಟ್ಟಾರೆಯೇ? ಪಾಠ, ಗಣಿತ, ಸಮಾಜ ಎಂದು ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದೆವು. ಗಣಿತದ ‘ತ’ಕ್ಕೆ ಬರೀ ಟಿ ಹಾಕಿದಾಗ ಉತ್ತರವಿಲ್ಲ. ನಮ್ಮ ಕಡೆಯವರ ಹಾಗೆ ಟಿ ಪಕ್ಕ ಎಚ್ ಹಾಕಿದೆವು. ಪರದೆಯ ಮೇಲೆ ನಂಬರ್ ಬಂತು! ತೆರೆದರೆ ಪ್ರಮೇಯಗಳು, ಹಳೆಯ ಫಾಂಟಿನಲ್ಲಿ ಚೆಲ್ಲಾಪಿಲ್ಲಿಯಾದ ಅಕ್ಷರ. ಯೂನಿಕೋಡಿಗೆ ಬದಲಿಸಿದಾಗ ಪೈಥಾಗೊರಸ್ ಪ್ರಮೇಯದ ಸಾಧನೆ ಮೇಷ್ಟ್ರ ಮಾತಿನಲ್ಲೇ ಕಾಣಿಸಿತು. ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೋದ ವರ್ಷ ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಎರಡು ತಿಂಗಳು ಸುಮ್ಮನೆ ಕೂತಿದ್ದಳು. ಕಲ್ಲುಕ್ವಾರಿಯ ಕೆಲಸಕ್ಕೆ ಬಂದವರ ಮಗು. ಹಾಜರಿಯಲ್ಲಿ ಹೆಸರಿರಲಿಲ್ಲ, ನಾವು ಕರೆಯಲಿಲ್ಲ, ಅವಳೂ ಹೇಳಲಿಲ್ಲ. ಉತ್ತರ ಬರಲಿಲ್ಲ ಎಂದರೆ ಇಲ್ಲ ಎಂದಲ್ಲ, ಕರೆಯುವ ಪಟ್ಟಿಯಲ್ಲೇ ಹೆಸರು ಇರದಿರಬಹುದು.

ಒಂದು ಎಚ್ಚರಿಕೆ: ಇದನ್ನು ನಿಮ್ಮದೇ ಸೈಟಿನ ಮೇಲೆ ಮಾಡಿ, ಬೇರೆಯವರದಾದರೆ ಒಪ್ಪಿಗೆ ಕೇಳಿ.

ವಿಜ್ಞಾನ ಇನ್ನೂ ಸಿಕ್ಕಿಲ್ಲ. ‘ಜ್ಞ’ವನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರಲ್ಲ. ಆರು ಥರ ಬರೆದು ನೋಡಿದ್ದೇವೆ. ಮೇಷ್ಟ್ರ ಹತ್ತಿರ ಓದಿದವರು ಯಾರಾದರೂ ಇದನ್ನು ನೋಡಿದರೆ, ಅವರು ಹೇಗೆ ಬರೆಯುತ್ತಿದ್ದರು ಅಂತ ದಯವಿಟ್ಟು ತಿಳಿಸಿ.