ತೆರೆಯದ ಪುಟ, ತಪ್ಪಿದ ಗಡಿಯಾರ

ದೋಷವನ್ನು ಹುಡುಕುವುದು ಬೇರೆ, ದೋಷವನ್ನು ಹೊರಿಸುವುದು ಬೇರೆ. ಮೊದಲನೆಯದಕ್ಕೆ ತಾಳ್ಮೆಯೂ ಕ್ರಮವೂ ಬೇಕು. ಎರಡನೆಯದಕ್ಕೆ ನಾಲಗೆಯೊಂದಿದ್ದರೆ ಸಾಕು. ಗಣಕಯಂತ್ರದ ಪರದೆಯ ಮೇಲೆ ಜಾಲಪುಟವೊಂದು ತೆರೆಯದೆ ನಿಂತಾಗ ಈ ಭೇದವು ಸ್ಪಷ್ಟವಾಗಿ ಗೋಚರಿಸುತ್ತದೆ.

ಪುಟ ತೆರೆಯುವುದು ಒಂದೇ ಕ್ರಿಯೆಯೆಂದು ತೋರಿದರೂ ಅದಕ್ಕೆ ಹಲವು ಮೆಟ್ಟಿಲುಗಳಿವೆ. ಬಳಕೆದಾರನು ಬರೆದ ಹೆಸರಿಗೆ ತಕ್ಕ ಸಂಖ್ಯಾವಿಳಾಸವು ಮೊದಲು ದೊರೆಯಬೇಕು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಅವರು ರೂಪಿಸಿದ ಡಿ.ಎನ್.ಎಸ್. ಎಂಬ ವ್ಯವಸ್ಥೆಯು ಈ ಕಾರ್ಯವನ್ನು ನಿರ್ವಹಿಸುತ್ತದೆ. ಅನಂತರ ಆ ವಿಳಾಸದ ಸರ್ವರಿನೊಡನೆ ಸಂಪರ್ಕ ಏರ್ಪಡಬೇಕು. ಅದು ತೋರುವ ಪ್ರಮಾಣಪತ್ರವನ್ನು ಬ್ರೌಸರು ಪರಿಶೀಲಿಸಬೇಕು. ಕೊನೆಗೆ ಸರ್ವರು ಪುಟವನ್ನು ಕಳುಹಿಸಬೇಕು. ಎಲ್ಲಿ ತಡೆಯಾಯಿತೆಂಬುದನ್ನು ಪರದೆಯ ಬರಹವೇ ಬಹುಮಟ್ಟಿಗೆ ಸೂಚಿಸುತ್ತದೆ. 404 ಎಂದರೆ ಸರ್ವರು ಉತ್ತರಿಸಿದೆ, ಕೇಳಿದ ಪುಟ ಮಾತ್ರ ಸಿಕ್ಕಿಲ್ಲ. 503 ಎಂದರೆ ಸರ್ವರು ಸದ್ಯಕ್ಕೆ ಸೇವೆ ಸಲ್ಲಿಸಲಾರದು. ಅವಸರದವನು ಈ ಬರಹವನ್ನು ಓದುವುದೇ ಇಲ್ಲ.

ವಿದ್ಯಾರ್ಥಿ ನಿಲಯವೊಂದರ ಕಚೇರಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿಗೆ ಅಂದು ಕೊನೆಯ ದಿನ. ಹುಡುಗನ ಆದಾಯದ ದೃಢೀಕರಣ ಪತ್ರವು ಮಧ್ಯಾಹ್ನವಷ್ಟೇ ಕೈಸೇರಿತ್ತು. ದಾಖಲೆಗಳೆಲ್ಲ ಕಚೇರಿಯ ಗಣಕದಲ್ಲಿದ್ದವು. ಪುಟ ಮಾತ್ರ ತೆರೆಯಲಿಲ್ಲ. ಸಂಪರ್ಕವು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಮೂಡುತ್ತಿತ್ತು. ಹಿರಿಯರಾದ ಕಾರ್ಯದರ್ಶಿಗಳು ಹುಡುಗನ ಎದುರಿನಲ್ಲಿಯೇ ಗುಮಾಸ್ತನನ್ನು, “ನಿನ್ನ ಆಲಸ್ಯದಿಂದ ಈ ಮಗುವಿನ ಒಂದು ವರ್ಷ ಹಾಳಾಯಿತಲ್ಲ!” ಎಂದು ಗದರಿದರು.

ಗುಮಾಸ್ತನು ಮರುಮಾತಾಡಲಿಲ್ಲ. ಬೇರೊಂದು ಜಾಲತಾಣವನ್ನು ತೆರೆಯಲು ನೋಡಿದನು. ಅಲ್ಲಿಯೂ ಅದೇ ಎಚ್ಚರಿಕೆ. ಹಾಗಾದರೆ ತೊಡಕು ಆ ಒಂದು ಜಾಲತಾಣದ್ದಾಗಿರಲಾರದು. ಕಚೇರಿಯ ಸಂಪರ್ಕದಿಂದಲೇ ಹುಡುಗನ ಮೊಬೈಲಿನಲ್ಲಿ ಪುಟ ತೆರೆದುಕೊಂಡಿತು. ಹಾಗಾದರೆ ತಂತಿಯೂ ಸರಿ, ಸರ್ವರೂ ಸರಿ. ಉಳಿದದ್ದು ಆ ಗಣಕವೊಂದೇ. ಎಚ್ಚರಿಕೆಯನ್ನು ಪೂರ್ತಿ ಓದಿದಾಗ ಪ್ರಮಾಣಪತ್ರದ ಅವಧಿ ಇನ್ನೂ ಆರಂಭವಾಗಿಲ್ಲವೆಂದಿತ್ತು. ಪರದೆಯ ಮೂಲೆಯ ದಿನಾಂಕವು ಹಲವು ವರ್ಷ ಹಿಂದಕ್ಕೆ ಸರಿದಿತ್ತು! ಗಣಕದ ಒಳಗೆ ಕಾಲವನ್ನು ಕಾಯುವ ನಾಣ್ಯದಾಕಾರದ ಬ್ಯಾಟರಿ ಮುಗಿದಿತ್ತು; ಬೆಳಿಗ್ಗೆ ವಿದ್ಯುತ್ತು ಹೋದಾಗ ದಿನಾಂಕವೂ ಅಳಿದಿತ್ತು. ದಿನಾಂಕವನ್ನು ತಿದ್ದಿದೊಡನೆ ಪುಟ ತೆರೆಯಿತು, ಅರ್ಜಿ ಸಲ್ಲಿಕೆಯಾಯಿತು.

ಸರ್ವರಿನ ಪ್ರಮಾಣಪತ್ರ ಸತ್ಯವೇ ಆಗಿತ್ತು. ನೋಡುವ ಗಡಿಯಾರ ತಪ್ಪಾಗಿದ್ದುದರಿಂದ ಸತ್ಯವೇ ಸುಳ್ಳಿನಂತೆ ಕಂಡಿತು. ಗುಮಾಸ್ತನ ವಿಷಯದಲ್ಲಿಯೂ ಆದದ್ದು ಇದೇ. ಗದರಿಕೆ ಹುಡುಗನ ಎದುರಿನಲ್ಲಿ ನಡೆದಿತ್ತು. ಸಮಾಧಾನದ ಮಾತೂ ಅವನೆದುರಿನಲ್ಲಿಯೇ ಸಲ್ಲಬೇಕಾಗಿತ್ತು. ಕಾರ್ಯದರ್ಶಿಗಳು, “ಹೋಗಲಿ ಬಿಡು, ಕೆಲಸವಾಯಿತಲ್ಲ” ಎಂದು ಎದ್ದುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪುಟವನ್ನು ಮತ್ತೆ ತೆರೆಯಬಹುದು. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು.

ದೋಷವು ಸದಾ ತಮ್ಮ ಕೋಣೆಯಲ್ಲಿಯೇ ಇರುತ್ತದೆಂದು ಇದರ ಅರ್ಥವಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳು ಸುಮಾರು 6 ಗಂಟೆಗಳ ಕಾಲ ಜಗತ್ತಿನೆಲ್ಲೆಡೆ ಸ್ತಬ್ಧವಾದವು. ಅಂದು ಮನೆಯ ಉಪಕರಣವನ್ನು ಎಷ್ಟು ಬಾರಿ ಆರಿಸಿ ಹೊತ್ತಿಸಿದರೂ ಫಲವಿರಲಿಲ್ಲ. ನಿತ್ಯದ ನಿರ್ವಹಣೆಯ ವೇಳೆ ನೀಡಿದ ಆಜ್ಞೆಯೊಂದು ಸಂಸ್ಥೆಯ ದತ್ತಾಂಶ ಕೇಂದ್ರಗಳ ನಡುವಣ ಸಂಪರ್ಕವನ್ನೇ ಕಡಿದಿತ್ತು; ಅಂತಹ ಆಜ್ಞೆಯನ್ನು ತಡೆಯಬೇಕಾಗಿದ್ದ ತಂತ್ರಾಂಶದಲ್ಲಿಯೂ ದೋಷವಿತ್ತು. ಮರುದಿನ ಸಂಸ್ಥೆಯು ಪ್ರಕಟಿಸಿದ ವಿವರಣೆಯಲ್ಲಿ ಘಟನೆಯ ಕ್ರಮವಿತ್ತು. ಆಜ್ಞೆ ನೀಡಿದ ನೌಕರನ ಹೆಸರಿರಲಿಲ್ಲ. ಕಾರಣವು ತಿಳಿದರೆ ದೋಷವನ್ನು ತಿದ್ದಬಹುದು. ಹೆಸರು ತಿಳಿದರೆ ಬೈಯಬಹುದು, ಅಷ್ಟೇ.

ಆದುದರಿಂದ ಪರದೆಯ ಬರಹವನ್ನು ಪೂರ್ತಿ ಓದುವುದು, ಬೇರೊಂದು ಪುಟವನ್ನು ತೆರೆದು ನೋಡುವುದು, ಬೇರೊಂದು ಉಪಕರಣದಲ್ಲಿ ಪರೀಕ್ಷಿಸುವುದು, ತನ್ನ ಗಡಿಯಾರವನ್ನು ನೋಡಿಕೊಳ್ಳುವುದು, ಇವು ಮೊದಲ ಕರ್ತವ್ಯಗಳು. ಇವೆಲ್ಲ ಮುಗಿಯಲು ಹತ್ತು ನಿಮಿಷ ಸಾಕು. ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಮಾತು ಅಷ್ಟು ಹೊತ್ತು ಕಾದರೆ ಯಾರಿಗೂ ನಷ್ಟವಿಲ್ಲ.