ಒಬ್ಬರಿಗೆ ಊಟವಿಲ್ಲ

ಹಸಿದವನಿಗೆ ಹೇಳಬಾರದ ಮಾತು ಯಾವುದಾದರೂ ಇದ್ದರೆ ಅದು "ಇಲ್ಲ" ಎಂಬುದು. ಜೇಬು ಬರಿದಾದವನಿಗೆ ಹಾಗೆಂದರೆ ಲೋಕವ್ಯವಹಾರವೆಂದು ಸಮಾಧಾನ ಪಡಬಹುದು. ಆದರೆ ಜೇಬಿನಲ್ಲಿ ಹಣವಿದ್ದು, ಬಾಗಿಲು ತೆರೆದಿದ್ದು, ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ "ನೀವು ಒಬ್ಬರೇ ಬಂದಿದ್ದೀರಿ, ಆದ್ದರಿಂದ ಊಟವಿಲ್ಲ" ಎಂದರೆ? ದಕ್ಷಿಣ ಕೊರಿಯಕ್ಕೆ ಒಂಟಿಯಾಗಿ ಹೋದ ಪ್ರವಾಸಿಯ ಕಿವಿಗೆ ಈ ಮಾತು ಒಂದಲ್ಲ ಒಂದು ದಿನ ಬೀಳುವ ಸಂಭವ ಉಂಟು.

ಮೈಸೂರಿನ ಕಡೆಯ ಒಬ್ಬ ಸಸ್ಯಾಹಾರಿ ಗೃಹಸ್ಥನು ಸೋಲ್ ನಗರದ ಓಣಿಯೊಂದರಲ್ಲಿ ಹಾಗೆ ನಿಂತಿದ್ದಾನೆಂದು ವಾಚಕರು ಕಲ್ಪಿಸಿಕೊಳ್ಳಲಿ. ಬೆಳಗ್ಗೆ ತಿಂದ ಎರಡು ತುಂಡು ಬ್ರೆಡ್ಡು ಎಂದೋ ಕರಗಿಹೋಗಿದೆ. ಬಾಗಿಲಲ್ಲಿರುವ ಹೆಂಗಸು ಎರಡು ಬೆರಳುಗಳನ್ನೆತ್ತಿ ತೋರಿಸಿ, ನಯವಾಗಿಯೇ ತಲೆಯಲ್ಲಾಡಿಸುತ್ತಾಳೆ. ಇಬ್ಬರಿದ್ದರೆ ಊಟ, ಒಬ್ಬರಿಗಿಲ್ಲ. ಗೃಹಸ್ಥನಿಗೆ ಮುಖಭಂಗವಾಗುತ್ತದೆ. ಪರದೇಶಿಯೆಂದು ಹೀಗೆ ಮಾಡಿದರೆಂದು ಮನಸ್ಸಿನಲ್ಲಿಯೇ ಮುನಿಯುತ್ತಾನೆ.

ಆ ಮುನಿಸಿಗೆ ಕಾರಣವಿಲ್ಲ. ಕೊರಿಯದವರ ಊಟದ ಕ್ರಮವೇ ಅಂಥದು. ಅನ್ನ ಮತ್ತು ಸಾರಿನ ಬಟ್ಟಲುಗಳು ಮಾತ್ರ ಒಬ್ಬೊಬ್ಬರ ಪಾಲಿಗೆ ಬೇರೆ ಬೇರೆ. ಉಳಿದುದೆಲ್ಲ ಸಮಷ್ಟಿಯ ಆಸ್ತಿ. ಮಣ್ಣಿನ ಪಾತ್ರೆಯಲ್ಲಿ ಕುದಿಯುತ್ತಲೇ ಬರುವ ಗಟ್ಟಿಯಾದ 'ಜಿಗೆ' ನಡುವೆ ಕುಳಿತರೆ, ಅದರ ಸುತ್ತ 'ಬಾನ್‌ಚಾನ್' ಎಂಬ ವ್ಯಂಜನಗಳ ಪುಟ್ಟ ತಟ್ಟೆಗಳು ನೆರೆಯುತ್ತವೆ: ಕಿಮ್ಚಿ, ಎಳ್ಳೆಣ್ಣೆಯಲ್ಲಿ ಕಲಸಿದ ಪಾಲಕ್ ಸೊಪ್ಪು, ಮೊಳಕೆ ಕಾಳು, ಮೂಲಂಗಿ, ಸೋಯಾ ಹಾಲಿನ ಗಡ್ಡೆ. ಬಾಳೆಯೆಲೆಯ ತುದಿಯಲ್ಲಿ ಬಡಿಸುವ ಕೋಸಂಬರಿ, ಪಲ್ಯ, ಉಪ್ಪಿನಕಾಯಿಗಳನ್ನು ಎಲೆಯಿಂದ ಎತ್ತಿ ಬಟ್ಟಲುಗಳಿಗೆ ಹಂಚಿದಂತೆ. ಈ ತಟ್ಟೆಗಳಿಗೆ ಪ್ರತ್ಯೇಕ ಬೆಲೆಯಿಲ್ಲ. ಬರಿದಾದರೆ ಸಾಮಾನ್ಯವಾಗಿ ಮತ್ತೆ ತುಂಬಿ ಕೊಡುತ್ತಾರೆ. ನಾಲ್ವರು ಬಂದರೂ ಅಷ್ಟೇ ತಟ್ಟೆಗಳು, ಒಬ್ಬನೇ ಬಂದರೂ ಅಷ್ಟೇ ತಟ್ಟೆಗಳು. ಒಬ್ಬನ ಹಣಕ್ಕೆ ಅಷ್ಟನ್ನೂ ಹೂಡಬೇಕಾದ ಗೃಹಿಣಿಯ ಕಷ್ಟವನ್ನು ಸಂಸಾರಸ್ಥರು ಸುಲಭವಾಗಿ ಅರಿಯಬಲ್ಲರು.

ಲೆಕ್ಕಾಚಾರದ ಹಿಂದೆ ಇನ್ನೊಂದು ಸಂಗತಿಯೂ ಇದೆ. ಕೊರಿಯದ ಭಾಷೆಯಲ್ಲಿ ಮನೆಮಂದಿಗೆ 'ಶಿಕ್ಕು' ಎಂಬ ಮಾತುಂಟು. ಅದರ ಅಕ್ಷರಾರ್ಥ 'ಉಣ್ಣುವ ಬಾಯಿಗಳು'. ಒಟ್ಟಿಗೆ ಉಂಡವರೇ ಕುಟುಂಬ. ಎದುರಿಗೆ ಸಿಕ್ಕಿದವರ ಕ್ಷೇಮವನ್ನು "ಊಟ ಮಾಡಿದಿರಾ?" ಎಂದೇ ವಿಚಾರಿಸುವ ರೂಢಿ ಅಲ್ಲಿಯೂ ಇದೆ. ಹಿರಿಯರು ಚಮಚ ಎತ್ತಿದ ಮೇಲೆಯೇ ಕಿರಿಯರು ಎತ್ತಬೇಕು. ಹಿರಿಯರಿಗೆ ಪಾನೀಯ ಬಗ್ಗಿಸುವಾಗ ಎರಡೂ ಕೈ ಬಳಸಬೇಕು. ಅನ್ನದ ನಡುವೆ ಚಮಚವನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು. ಅದು ಪಿತೃಗಳ ಎಡೆಗೆ ಮಾತ್ರ ಸಲ್ಲುವ ಕ್ರಮ. ಎಡಗೈಯಲ್ಲಿ ಬಡಿಸಿದರೆ ಹುಬ್ಬು ಗಂಟಿಕ್ಕುವ ಅಜ್ಜಿಯರನ್ನು ಕಂಡವರಿಗೆ ಈ ನಿಯಮಗಳು ವಿಚಿತ್ರವಾಗಿ ತೋರವು.

ಕಾಲ ಅಲ್ಲಿಯೂ ಬದಲಾಗಿದೆ. ಒಂಟಿಯಾಗಿ ವಾಸಿಸುವವರ ಮನೆಗಳು ಇಂದು ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಒಬ್ಬರೇ ಉಣ್ಣುವುದಕ್ಕೆ 'ಹೊನ್‌ಬಾಪ್' ಎಂಬ ಹೊಸ ಪದವೇ ಹುಟ್ಟಿದೆ. ಆದುದರಿಂದ ಒಂಟಿ ಪ್ರವಾಸಿಯು ಉಪವಾಸ ಬೀಳಬೇಕಿಲ್ಲ. ಒಂದೇ ಬಟ್ಟಲಿನಲ್ಲಿ ಮುಗಿಯುವ ತಿನಿಸುಗಳನ್ನು ಕೇಳಿದರಾಯಿತು. ಅವುಗಳಲ್ಲಿ ಹೆಸರಾದುದು ಜೊನ್‌ಜು ಪಟ್ಟಣದ ಕೀರ್ತಿಗೆ ಕಾರಣವಾದ 'ಬಿಬಿಂಬಾಪ್', ಎಂದರೆ ಕಲಸನ್ನ. ಬಿಸಿ ಅನ್ನದ ಮೇಲೆ ಬಣ್ಣಬಣ್ಣದ ತರಕಾರಿಗಳು, ಮೊಟ್ಟೆ, ಮಾಂಸ, ಮೆಣಸಿನಕಾಯಿಯ ಹುದುಗು. ಮಾಂಸ, ಮೊಟ್ಟೆ ಬೇಡವೆಂದರೆ ಬಿಟ್ಟುಕೊಡುತ್ತಾರೆ. ದೇವಾಲಯಗಳಿರುವ ಬೆಟ್ಟಗಳ ತಪ್ಪಲಿನಲ್ಲಿ ಕಾಡುಸೊಪ್ಪುಗಳ ಕಲಸನ್ನವೇ ದೊರೆಯುತ್ತದೆ.

ಆದರೆ ಸಸ್ಯಾಹಾರಿಯ ಪರೀಕ್ಷೆ ಅಷ್ಟಕ್ಕೆ ಮುಗಿಯದು. ಕಿಮ್ಚಿಯೆಂದರೆ ಕೋಸಿನ ಉಪ್ಪಿನಕಾಯಿಯಲ್ಲವೆ ಎಂದು ಧೈರ್ಯದಿಂದ ಬಾಯಿಗಿಟ್ಟರೆ, ಅದರ ಹುಳಿಯ ಹಿಂದೆ ಸಾಮಾನ್ಯವಾಗಿ ಉಪ್ಪು ಹಾಕಿ ಕೊಳೆಸಿದ ಸೀಗಡಿಯೋ ಮೀನಿನ ರಸವೋ ಅಡಗಿರುತ್ತದೆ. ಹುದುಗಿಸಿದ ಸೋಯಾ ಕಾಳಿನ ಸಾರಿಗೂ ಒಣಮೀನಿನ ಕಟ್ಟೇ ಆಧಾರ. ಚಳಿಗಾಲಕ್ಕೆ ಮುಂಚೆ ನೆರೆಹೊರೆಯವರೆಲ್ಲ ಕೂಡಿ ಕಿಮ್ಚಿ ಹಾಕಿ ಹಂಚಿಕೊಳ್ಳುವ 'ಕಿಮ್‌ಜಾಂಗ್' ಪದ್ಧತಿಯನ್ನು 2013ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ಗೌರವದ ವಸ್ತುವನ್ನು ಮುಂದಿಟ್ಟಾಗ ಬೇಡವೆನ್ನುವುದು ಸುಲಭವಲ್ಲ. ಹೇಳದೆ ಗತಿಯೂ ಇಲ್ಲ.

ಅಂಥವನಿಗೆ ಬೌದ್ಧ ವಿಹಾರಗಳೇ ಆಶ್ರಯ. 2002ರಿಂದ ಅನೇಕ ವಿಹಾರಗಳು ಪ್ರವಾಸಿಗಳಿಗೆ ತಂಗಲು ಅವಕಾಶ ಕೊಟ್ಟಿವೆ. ಅಲ್ಲಿ ಮೀನು ಮಾಂಸಗಳಿಲ್ಲ. ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲ. ಗೃಹಸ್ಥನಿಗೆ ಮಠದ ಪಂಕ್ತಿಯಲ್ಲಿ ಕುಳಿತಷ್ಟು ನೆಮ್ಮದಿ. ಆದರೆ ನಿಷಿದ್ಧವಾದ ಐದು ಘಾಟು ಪದಾರ್ಥಗಳ ಪಟ್ಟಿಯ ಕೊನೆಗೆ ಬಂದಾಗ ಅವನು ಬೆಚ್ಚುತ್ತಾನೆ. ಐದನೆಯದು ಇಂಗು! ಕೊರಿಯದ ಅಡಿಗೆಮನೆ ಕಾಣದ ಈ ವಸ್ತು, ಧರ್ಮಗ್ರಂಥಗಳ ಜೊತೆಯಲ್ಲಿ ಭಾರತದಿಂದ ಹೋಗಿ ನಿಷೇಧದ ಪಟ್ಟಿಯಲ್ಲಿ ಮಾತ್ರ ನೆಲಸಿದೆ. ವಿಧ್ಯುಕ್ತ ಭೋಜನಕ್ಕೆ ಒಂದರೊಳಗೊಂದು ಕೂರುವ ನಾಲ್ಕು ಬಟ್ಟಲುಗಳು. ಕೊನೆಯಲ್ಲಿ ನೀರು ಹಾಕಿ, ಒಂದು ಚೂರು ಮೂಲಂಗಿಯಿಂದ ಬಟ್ಟಲನ್ನು ಉಜ್ಜಿ, ಆ ನೀರನ್ನೂ ಕುಡಿಯಬೇಕು. ಒಂದಗುಳೂ ವ್ಯರ್ಥವಾಗಬಾರದು.

ಒಟ್ಟಿಗೆ ಉಣ್ಣಲಾಗದ ಸಂಕಟವನ್ನು ಆ ನಾಡು ಬೇರೆ ರೀತಿಯಲ್ಲಿಯೂ ಬಲ್ಲದು. 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಉತ್ತರದಿಂದ ಓಡಿಬಂದ ಎಷ್ಟೋ ಜನ ಮತ್ತೆ ಮನೆ ಸೇರಲಿಲ್ಲ. ಆ ಯುದ್ಧದ ಕೈದಿಗಳ ಸಮಸ್ಯೆಯನ್ನು ಬಗೆಹರಿಸಲು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು. ಓಡಿಬಂದವರು ತಮ್ಮೊಡನೆ ತಂದುದರಲ್ಲಿ ಒಂದು, ಪ್ಯೊಂಗ್ಯಾಂಗಿನ ತಣ್ಣನೆಯ ಶಾವಿಗೆಯ ರುಚಿ. ಮಾಂಸದ ಕಟ್ಟಿನಲ್ಲಿ ತೇಲುವ ಆ ಶಾವಿಗೆಯನ್ನು ಗೃಹಸ್ಥನು ಮುಟ್ಟುವಂತಿಲ್ಲ. ಆದರೆ ತವರಿಗೆ ಮರಳಲಾಗದವರು ತವರಿನ ರುಚಿಯನ್ನಾದರೂ ಉಳಿಸಿಕೊಂಡರೆಂಬುದನ್ನು ಅರಿಯಲು ತಿನ್ನಬೇಕಾಗಿಲ್ಲ.

ಕೊನೆಗೆ ಅವನು ಸೋಲ್ ನಗರದ ಗ್ವಾಂಗ್‌ಜಾಂಗ್ ಮಾರುಕಟ್ಟೆಗೆ ಬರುತ್ತಾನೆ. 1905ರಲ್ಲಿ ಸ್ಥಾಪಿತವಾದ ಸಂತೆಯದು. ಅಲ್ಲಿ ನೆನೆಸಿದ ಹೆಸರುಬೇಳೆಯನ್ನು ಬೀಸುವ ಕಲ್ಲಿನಲ್ಲಿ ಅರೆದು, ಎಣ್ಣೆಯಲ್ಲಿ ದಪ್ಪನೆಯ ದೋಸೆಗಳಂತೆ ಬೇಯಿಸುತ್ತಿದ್ದಾರೆ. ಹೆಸರು 'ಬಿಂದೆತೊಕ್'. ಅಂಗಡಿಯ ಹೆಂಗಸನ್ನು ಅಲ್ಲಿ 'ಇಮೊ' ಎಂದು ಕರೆಯುವ ವಾಡಿಕೆ. ತಾಯಿಯ ಒಡಹುಟ್ಟಿದವಳು ಎಂದರ್ಥ. ಗೃಹಸ್ಥನು ಸಂಕೋಚದಿಂದ "ಇಮೊ" ಎನ್ನುತ್ತಾನೆ. ಚಿಕ್ಕಮ್ಮನೆಂದು ಕರೆಸಿಕೊಂಡವಳು ತಿರುಗಿ ನಗುತ್ತಾಳೆ. ಅವನು ಮಾಂಸವನ್ನು ತೋರಿಸಿ ಕೈಯಾಡಿಸಿದರೆ, ಅವಳು ಮಾಂಸವಿಲ್ಲದ ಒಂದನ್ನು ಬೇರೆಯಾಗಿ ಹುಯ್ಯುತ್ತಾಳೆ. ಎರಡು ಬೆರಳುಗಳನ್ನು ಎತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ, ಆ ಉದ್ದನೆಯ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕುಳಿತವರಲ್ಲಿ ಒಂಟಿಯೆಂಬವರಾರು? ಪಕ್ಕದ ವೃದ್ಧರು ಮಾತಿಲ್ಲದೆ, ಸೋಯಾ ರಸದಲ್ಲಿ ನೆನೆದ ಈರುಳ್ಳಿಯ ತಟ್ಟೆಯನ್ನು ಅವನತ್ತ ಸರಿಸುತ್ತಾರೆ.

ರಾತ್ರಿ ಮೈಸೂರಿನಿಂದ ಫೋನು ಬರುತ್ತದೆ. ಹವೆಯನ್ನಾಗಲಿ, ಕಂಡ ಅರಮನೆಗಳನ್ನಾಗಲಿ ಹೆಂಡತಿ ಮೊದಲು ಕೇಳುವುದಿಲ್ಲ.

"ಏನೂಂದ್ರೆ, ಊಟ ಆಯಿತೆ?"

"ಆಯಿತು" ಎನ್ನುತ್ತಾನೆ ಗೃಹಸ್ಥ. ಒಂದು ಕ್ಷಣ ತಡೆದು, "ಚಿಕ್ಕಮ್ಮನ ಕೈಯಡಿಗೆ" ಎನ್ನುತ್ತಾನೆ.