ಮೋಹಿನಿ ಕೇಳಿದ್ದು ಒಂಚೂರು ಸುಣ್ಣ

ಕೊಳ್ಳೇಗಾಲದವಳು ಅಂದ ಕೂಡಲೇ ಎದುರಿನವರು ನಕ್ಕು, ‘ಅಯ್ಯೋ, ಮಾಟದ ಊರು! ನಿಮ್ಮ ಹತ್ರ ಹುಷಾರಾಗಿರಬೇಕಪ್ಪ’ ಅಂತಾರೆ. ರೇಷ್ಮೆ ನೇಯುವ ಊರು ಅಂತ ಯಾರಿಗೂ ನೆನಪಾಗೋದಿಲ್ಲ. ಇರಲಿ ಬಿಡಿ, ದೆವ್ವದ ಕತೆಗಳಿಗಂತೂ ನಮ್ಮಲ್ಲಿ ಬರವಿರಲಿಲ್ಲ. ನನಗೆ ಇಷ್ಟವಾಗಿದ್ದು ಮೋಹಿನಿ ಕತೆ. ಅದರಲ್ಲಿ ಹೆದರಿಕೆಗಿಂತ ಮೊದಲು ಬರ್ತಿದ್ದದ್ದು ಘಮ. ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೊರಟ ಮಾವನಿಗೆ ಅಜ್ಜಿ ಹೇಳೋರು: ‘ಮಲ್ಲಿಗೆ ಗಮಲು ಬಂದ್ರೆ ತಿರುಗಿ ನೋಡ್ಬ್ಯಾಡ ಕನಪ್ಪ. ಸುಣ್ಣ ಕೇಳುದ್ರೂ ಕೊಡ್ಬ್ಯಾಡ.’ ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು, ಎಲೆಯಡಿಕೆಗೆ ಒಂಚೂರು ಸುಣ್ಣ. ರಕ್ತ ಬರೋದು ಕೊನೆಗೆ. ಬರದೇ ಇದ್ದರೂ ಕತೆ ನಡೆಯುತ್ತೆ.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಓದುವಾಗ ಇದೇ ನೆನಪಾಯಿತು. ಕೋಟೆಯಲ್ಲಿ ರಕ್ತ ಹೀರುವ ಮೂವರು ಹೆಂಗಸರು ಹತ್ತಿರ ಬಂದಾಗ ಜೊನಾಥನ್ ಹಾರ್ಕರ್ ಓಡೋದಿಲ್ಲ. ರೆಪ್ಪೆಯ ಸಂದಿಯಿಂದ ನೋಡುತ್ತಾ ಸುಮ್ಮನೆ ಮಲಗಿರುತ್ತಾನೆ. ಭಯವೂ ಇದೆ, ಬೇಕು ಅನ್ನೋದೂ ಇದೆ. ಡ್ರಾಕುಲಾನಿಗೂ ಒಂದು ಕಟ್ಟಳೆ: ಮೊದಲ ಸಲ ಮನೆಯವರು ಯಾರಾದರೂ ಕರೆಯದೆ ಹೊಸ್ತಿಲು ದಾಟುವಂತಿಲ್ಲ. ಸುಣ್ಣ ಕೊಟ್ಟರಷ್ಟೇ ಮೋಹಿನಿ ಹಿಡಿಯುವ ಹಾಗೆ. ಇಂಥ ಕತೆಗಳ ಬಿಸಿ ಇರೋದು ಕಚ್ಚುವುದರಲ್ಲಲ್ಲ, ಒಪ್ಪಿಕೊಳ್ಳುವ ಆ ಒಂದು ಗಳಿಗೆಯಲ್ಲಿ.

ಆದರೆ ಒಪ್ಪಿಕೊಂಡವನನ್ನು ಯಾರೂ ಏನೂ ಕೇಳೋದಿಲ್ಲ. ಹಾರ್ಕರ್ ಮದುವೆಯಾಗಿ ಮಗುವಿನ ಅಪ್ಪನಾಗುತ್ತಾನೆ. ಡ್ರಾಕುಲಾ ಕಚ್ಚಿದ ಲೂಸಿಯ ಎದೆಗೆ, ಅವಳನ್ನು ಮದುವೆಯಾಗಬೇಕಿದ್ದವನೇ ಗೂಟ ಹೊಡೆಯುತ್ತಾನೆ. ಅದಕ್ಕೂ 25 ವರ್ಷ ಮೊದಲು ಬಂದ ಶೆರಿಡನ್ ಲೆ ಫಾನುವಿನ ‘ಕಾರ್ಮಿಲ್ಲಾ’ಳಿಗೂ ಗೂಟವೇ ಗತಿ. ನಮ್ಮ ಮೋಹಿನಿಗೆ ಹುಣಸೆಮರದಲ್ಲಿ ಮೊಳೆ.

ನಮ್ಮ ಸುತ್ತಲ ಬೆಟ್ಟಗಳಲ್ಲಿ ಬೇರೆ ಥರದ ಕತೆಗಳೂ ಇವೆ. ಯಳಂದೂರಿನ ಬಿಳಿಗಿರಿ ಕಾಡಲ್ಲಿ ರಂಗಯ್ಯ ಸೋಲಿಗರ ಕುಸುಮಾಲೆಗೆ ಮನಸೋತು ಮದುವೆಯಾದ ಅಂತಾರೆ. ಸೋಲಿಗರಿಗೆ ಅವನು ಇವತ್ತಿಗೂ ಭಾವ. ಅಲ್ಲೂ ಕಾಡು, ಸಂಪಿಗೆ ಘಮ, ಮೋಹ ಎಲ್ಲಾ ಇದೆ. ಮೊಳೆ ಮಾತ್ರ ಇಲ್ಲ. ಹನೂರು ಕಡೆಯ ಮಾದಪ್ಪನ ಕತೆಯಲ್ಲಿ ನೀಲೇಗೌಡ ಕಾಡಿಗೆ ಹೊರಡುವ ಮುಂಚೆ, ಪರಪುರುಷನನ್ನು ನೋಡೋದಿಲ್ಲ ಅಂತ ಭಾಷೆ ಕೊಡು ಎಂದು ಹೆಂಡತಿ ಸಂಕಮ್ಮನನ್ನು ಹಿಂಸಿಸುತ್ತಾನೆ. ಅವಳು ಕೊಡೋದಿಲ್ಲ. ಮಾದಪ್ಪ ನಿಂತದ್ದು ಅವಳ ಕಡೆಗೆ. ಕಂಸಾಳೆಯವರು ಇವತ್ತಿಗೂ ಅವಳ ಹೆಸರು ಹಿಡಿದು ಹಾಡುತ್ತಾರೆ.

ಮೋಹಿನಿಗೆ ಅಂಥ ಹೆಸರಿಲ್ಲ. ಮದುವೆಯಾಗದೆ ಸತ್ತವಳು, ಬಾಣಂತಿಯಾಗಿ ಸತ್ತವಳು, ಬಾವಿಗೆ ಬಿದ್ದವಳು, ಇಷ್ಟೇ. ಯಾಕೆ ಬಿದ್ದಳು ಅಂತ ಕೇಳದ ಊರು, ಅವಳ ಗೆಜ್ಜೆ ಸದ್ದನ್ನು ಮಾತ್ರ ಕಿವಿಗೊಟ್ಟು ಕೇಳುತ್ತೆ. ಸಂಜೆ ಮೇಲೆ ಹೂ ಮುಡಿದು ಹೊರಗೆ ಹೋಗಬೇಡ ಅಂತ ಬದುಕಿರೋ ಹುಡುಗೀರಿಗೂ ಹೇಳುತ್ತೆ.

ದೆವ್ವದ ಕತೆ ಹೇಳೋರಲ್ಲಿ ನನ್ನದೊಂದು ಕೋರಿಕೆ. ಘಮ ಇರಲಿ, ಕತ್ತಲೆ ಇರಲಿ, ಮೈ ಜುಮ್ಮೆನ್ನಲಿ. ಜೊತೆಗೆ, ಅವಳು ಯಾರ ಮನೆ ಮಗಳು, ಹೆಸರೇನು ಅಂತಾನೂ ಒಂದು ಸಲ ಹೇಳಿ.